ಎಐ ಜೊತೆಗೆ ತಂಡ ನಡೆಸುವುದು: ಯಾವುದು ಯಂತ್ರದ ಕೆಲಸ, ಯಾವುದು ನಿಮ್ಮ ಕೆಲಸ

ಉದ್ಯಮವೊಂದು ಕೃತಕ ಬುದ್ಧಿಮತ್ತೆಯನ್ನು (ಎಐ) ಅಳವಡಿಸಿಕೊಳ್ಳಲು ಹೊರಟಾಗ ಚರ್ಚೆಯೆಲ್ಲ ಸಾಮಾನ್ಯವಾಗಿ ಯಾವ ತಂತ್ರಾಂಶ ಕೊಳ್ಳಬೇಕು, ಎಷ್ಟು ಖರ್ಚಾಗುತ್ತದೆ, ಎಷ್ಟು ಸಮಯ ಉಳಿಯುತ್ತದೆ ಎಂಬುದರ ಸುತ್ತಲೇ ನಡೆಯುತ್ತದೆ. ತಂತ್ರಾಂಶ ಬಂದ ಮೇಲೆ ತಪ್ಪಾದಾಗ ಯಾರು ಮುಂದೆ ಬಂದು ನಿಲ್ಲುತ್ತಾರೆ, ಕೆಟ್ಟ ಸುದ್ದಿಯನ್ನು ಯಾರು ಎದುರು ಕುಳಿತು ಹೇಳುತ್ತಾರೆ, ಕೆಲಸ ಹೋದೀತೆಂಬ ಅಳುಕಿನಲ್ಲಿರುವವರ ಜೊತೆ ಯಾರು ಮಾತನಾಡುತ್ತಾರೆ ಎಂಬ ಪ್ರಶ್ನೆಗಳು ಖರೀದಿಯ ಕಡತದಲ್ಲಿ ಇರುವುದಿಲ್ಲ. ಒಂದು ತಂಡವನ್ನೋ ವಿಭಾಗವನ್ನೋ ಸಣ್ಣ ಸಂಸ್ಥೆಯನ್ನೋ ನಡೆಸುವವರು ಎಐ ಬಳಕೆಯ ಜೊತೆಜೊತೆಗೇ ಮಾಡಬೇಕಾದ ಈ ಬಗೆಯ ಕೆಲಸಗಳನ್ನು ಇಲ್ಲಿ ಒಂದು ಕ್ರಮದಲ್ಲಿ ಹೇಳಲಾಗಿದೆ.

ಭಾವನಾತ್ಮಕ ಬುದ್ಧಿವಂತಿಕೆ ಎಂಬ ಪರಿಕಲ್ಪನೆಗೆ ಶೈಕ್ಷಣಿಕ ವಲಯದಲ್ಲಿ ಸ್ಪಷ್ಟ ರೂಪ ಕೊಟ್ಟವರು ಮನಶ್ಶಾಸ್ತ್ರಜ್ಞರಾದ ಪೀಟರ್ ಸ್ಯಾಲೊವೆ ಮತ್ತು ಜಾನ್ ಮೇಯರ್. ಅವರ ಪ್ರಬಂಧ ಪ್ರಕಟವಾದದ್ದು 1990ರಲ್ಲಿ. ಭಾವನೆಗಳನ್ನು ಗುರುತಿಸುವುದು, ಯೋಚನೆಗೆ ಅವುಗಳ ನೆರವು ಪಡೆಯುವುದು, ಅವು ಎಲ್ಲಿಂದ ಹುಟ್ಟಿ ಎತ್ತ ಸಾಗುತ್ತವೆ ಎಂದು ಅರಿಯುವುದು ಮತ್ತು ಅವುಗಳನ್ನು ನಿಭಾಯಿಸುವುದು ಎಂದು ಮುಂದೆ ಅವರೇ ಇದನ್ನು ನಾಲ್ಕು ಸಾಮರ್ಥ್ಯಗಳಾಗಿ ವಿಂಗಡಿಸಿದರು. ವ್ಯವಹಾರ ಜಗತ್ತಿಗೆ ಇದು ಪರಿಚಯವಾದದ್ದು 1995ರ ನಂತರ, ಲೇಖಕ ಡೇನಿಯಲ್ ಗೋಲ್ಮನ್ ಅವರ ಬರಹಗಳ ಮೂಲಕ. ಇದನ್ನು ಮೃದು ಸ್ವಭಾವ ಎಂದು ತಿಳಿಯುವವರೇ ಹೆಚ್ಚು. ಆದರೆ ಮೃದುವಾಗಿ ಮಾತನಾಡುತ್ತಲೇ ಎದುರಿನವರ ಸಂಕಟವನ್ನು ಗಮನಿಸದೆ ಹೋಗುವ ಮುಖ್ಯಸ್ಥರೂ ಇದ್ದಾರೆ, ಕಟುವಾದ ನಿರ್ಧಾರವನ್ನು ಸಿಬ್ಬಂದಿಯ ಮರ್ಯಾದೆಗೆ ಕುಂದು ಬಾರದಂತೆ ಜಾರಿಗೆ ತರುವವರೂ ಇದ್ದಾರೆ. ಇಲ್ಲಿ ಹೇಳುತ್ತಿರುವುದು ಎರಡನೆಯ ಗುಂಪಿನವರ ಕೌಶಲವನ್ನು ಕುರಿತು.

ಆರಂಭದಲ್ಲಿಯೇ ಒಂದು ಸಮಾಧಾನವನ್ನು ಬಿಟ್ಟುಕೊಡಬೇಕಾಗುತ್ತದೆ. ಯಂತ್ರಕ್ಕೆ ಭಾವನೆಗಳಿಲ್ಲ, ಆದ್ದರಿಂದ ಅನುಕಂಪದ ಮಾತು ಎಂದೆಂದಿಗೂ ಮನುಷ್ಯರ ಕೈಯಲ್ಲೇ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಅಂತರ್ಜಾಲದಲ್ಲಿ ಜನರು ಕೇಳಿದ್ದ 195 ವೈದ್ಯಕೀಯ ಪ್ರಶ್ನೆಗಳಿಗೆ ವೈದ್ಯರು ಕೊಟ್ಟ ಉತ್ತರಗಳನ್ನೂ ಚಾಟ್‌ಜಿಪಿಟಿಯ ಉತ್ತರಗಳನ್ನೂ ಹೋಲಿಸಿದ ಒಂದು ಅಧ್ಯಯನ 2023ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಉತ್ತರ ಯಾರದೆಂದು ತಿಳಿಸದೆ ಆರೋಗ್ಯ ವೃತ್ತಿಪರರಿಂದ ಮೌಲ್ಯಮಾಪನ ಮಾಡಿಸಿದಾಗ, ಸುಮಾರು ಶೇ. 79ರಷ್ಟು ಸಂದರ್ಭಗಳಲ್ಲಿ ಅವರು ಯಂತ್ರದ ಉತ್ತರವನ್ನೇ ಮೆಚ್ಚಿದರು. ಅನುಕಂಪದ ಅಂಕವೂ ಅದಕ್ಕೇ ಹೆಚ್ಚು ಬಂದಿತ್ತು. ಅಂದರೆ ಅನುಕಂಪದ ಪದಗಳು ಈಗ ಸುಲಭವಾಗಿ ಸಿಗುವ ಸರಕು. ಆ ಪದಗಳ ಹಿಂದೆ ಯಾರು ನಿಂತಿದ್ದಾರೆ, ನಾಳೆ ಅದೇ ಮಾತಿಗೆ ಯಾರು ಬದ್ಧರಾಗಿರುತ್ತಾರೆ ಎಂಬುದನ್ನು ಯಂತ್ರ ಒದಗಿಸುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಒಂದು ವ್ಯತ್ಯಾಸವನ್ನು ಆಧರಿಸಿವೆ.

ಹಂತ 1: ಕೆಲಸಗಳನ್ನು ಕಷ್ಟದಿಂದ ಅಳೆಯಬೇಡಿ, ಪರಿಣಾಮದಿಂದ ಅಳೆಯಿರಿ

ಎಐಗೆ ಯಾವ ಕೆಲಸ ಒಪ್ಪಿಸಬಹುದು ಎಂದು ಪಟ್ಟಿ ಮಾಡುವಾಗ ಹೆಚ್ಚಿನವರು ಸುಲಭದ ಕೆಲಸವನ್ನು ಯಂತ್ರಕ್ಕೂ ಕಷ್ಟದ ಕೆಲಸವನ್ನು ಮನುಷ್ಯರಿಗೂ ಹಂಚುತ್ತಾರೆ. ಇದು ಸರಿಯಾದ ಅಳತೆಗೋಲಲ್ಲ. ಸಾವಿರಾರು ಸಾಲುಗಳ ಮಾರಾಟದ ಲೆಕ್ಕದಲ್ಲಿ ಏರಿಳಿತ ಹುಡುಕುವುದು ಕಷ್ಟದ ಕೆಲಸವಾದರೂ ಅದನ್ನು ಯಂತ್ರಕ್ಕೆ ಕೊಟ್ಟರೆ ಯಾರಿಗೂ ನೋವಾಗುವುದಿಲ್ಲ. ರಜೆಯ ಅರ್ಜಿಯನ್ನು ತಿರಸ್ಕರಿಸಿದ್ದೇವೆ ಎಂದು ತಿಳಿಸುವುದು ಎರಡು ಸಾಲಿನ ಕೆಲಸ. ಆದರೆ ಆ ಅರ್ಜಿಯ ಹಿಂದೆ ಆಸ್ಪತ್ರೆಯಲ್ಲಿರುವ ತಂದೆಯೋ ಮುಂದೂಡಲಾಗದ ಮನೆಯ ಕಾರ್ಯವೋ ಇದ್ದರೆ ಆ ಎರಡು ಸಾಲು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತವೆ.

ಆದ್ದರಿಂದ ನಿಮ್ಮ ತಂಡದ ವಾರದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಪ್ರತಿಯೊಂದರ ಎದುರಿಗೂ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಇದು ತಪ್ಪಾದರೆ ಯಾರಿಗೆ, ಎಷ್ಟರ ಮಟ್ಟಿಗೆ ತೊಂದರೆಯಾಗುತ್ತದೆ? ಯಾರ ಮೇಲೆ ಪರಿಣಾಮವಾಗುತ್ತದೆಯೋ ಅವರಿಗೆ ಕಾರಣ ಕೇಳುವ ಹಕ್ಕಿದೆಯೇ? ಕೇಳಿದರೆ ಹೆಸರು ಹೇಳಿ ಉತ್ತರ ಕೊಡಬಲ್ಲ ಮನುಷ್ಯರೊಬ್ಬರು ಇದ್ದಾರೆಯೇ? ಮೊದಲ ಪ್ರಶ್ನೆಗೆ ಅಷ್ಟೇನೂ ಇಲ್ಲ ಎಂಬ ಉತ್ತರ ಬಂದ ಕೆಲಸಗಳನ್ನು ನಿಶ್ಚಿಂತೆಯಿಂದ ಒಪ್ಪಿಸಿ. ಎರಡನೆಯದಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದು ಬಂದ ಕೆಲಸಗಳಿಗೆ, ಬೇರೆಲ್ಲಕ್ಕಿಂತ ಮೊದಲು, ಒಬ್ಬ ಹೊಣೆಗಾರರನ್ನು ನೇಮಿಸಿ.

ಈ ಹೊಣೆಯ ಪ್ರಶ್ನೆ ಕೇವಲ ನೀತಿಯದಲ್ಲ. ಏರ್ ಕೆನಡಾ ವಿಮಾನಯಾನ ಸಂಸ್ಥೆಯ ಚಾಟ್‌ಬಾಟ್, ಅಜ್ಜಿಯನ್ನು ಕಳೆದುಕೊಂಡಿದ್ದ ಪ್ರಯಾಣಿಕರೊಬ್ಬರಿಗೆ, ಸಾವಿನ ಸಂದರ್ಭದ ರಿಯಾಯಿತಿ ದರಕ್ಕೆ ಪ್ರಯಾಣದ ನಂತರವೂ ಅರ್ಜಿ ಹಾಕಬಹುದು ಎಂದು ತಪ್ಪು ಮಾಹಿತಿ ಕೊಟ್ಟಿತ್ತು. ವಿವಾದ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನಾಗರಿಕ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬ ಅರ್ಥದ ವಾದವನ್ನು ಸಂಸ್ಥೆ ಮುಂದಿಟ್ಟಿತು. 2024ರ ಫೆಬ್ರುವರಿಯಲ್ಲಿ ಮಂಡಳಿ ಆ ವಾದವನ್ನು ತಳ್ಳಿಹಾಕಿ, ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡುವಂತೆ ಆದೇಶಿಸಿತು. ಅಷ್ಟು ದೊಡ್ಡ ಸಂಸ್ಥೆಗೆ ಈ ಮೊತ್ತ ಯಾವ ಲೆಕ್ಕಕ್ಕೂ ಇಲ್ಲ. ಸಾವಿನ ಮನೆಯವರ ಜೊತೆ ಇಷ್ಟು ಹಣಕ್ಕಾಗಿ ನ್ಯಾಯಮಂಡಳಿಯವರೆಗೆ ಜಗ್ಗಾಡಿದರು ಎಂಬ ಹೆಸರು ಮಾತ್ರ ಜಗತ್ತಿನಾದ್ಯಂತ ಸುದ್ದಿಯಾಯಿತು. ದೂರು ಬಂದ ದಿನವೇ ಯಾರಾದರೂ ಫೋನ್ ಎತ್ತಿ ಮಾತನಾಡಿದ್ದರೆ ಅಲ್ಲಿಗೇ ಮುಗಿಯಬಹುದಾಗಿದ್ದ ವಿಷಯ ಅದು.

ಹಂತ 2: ಯಂತ್ರದ ಕಡೆಗೆ ನೀವೇಕೆ ಹೋಗುತ್ತಿದ್ದೀರಿ ಎಂದು ಗಮನಿಸಿ

ಆತ್ಮಾವಲೋಕನ ಎಂದರೆ ಬೆಳಗಿನ ಧ್ಯಾನ ಎಂದು ತಿಳಿಯಬೇಕಾಗಿಲ್ಲ. ಎಐ ಬಳಸುವ ಮುಖ್ಯಸ್ಥರಿಗೆ ಅದು ಬಹಳ ನಿರ್ದಿಷ್ಟವಾದ ಒಂದು ಅಭ್ಯಾಸ: ಪ್ರಾಂಪ್ಟ್ (ಯಂತ್ರಕ್ಕೆ ಕೊಡುವ ಸೂಚನೆ) ಬರೆಯುವ ಮುನ್ನ, ತಾನೀಗ ಸಮಯ ಉಳಿಸುತ್ತಿದ್ದೇನೆಯೇ ಅಥವಾ ಒಂದು ಕಷ್ಟದ ಮಾತುಕತೆಯಿಂದ ತಪ್ಪಿಸಿಕೊಳ್ಳುತ್ತಿದ್ದೇನೆಯೇ ಎಂದು ಕೇಳಿಕೊಳ್ಳುವುದು. ಬಡ್ತಿ ಸಿಗದವರಿಗೆ ಇಮೇಲ್ ಬರೆದುಕೊಡು ಎಂದು ಯಂತ್ರವನ್ನು ಕೇಳುವಾಗ ನಮ್ಮಲ್ಲಿ ಹಲವರಿಗೆ ಬೇಕಾಗಿರುವುದು ಒಳ್ಳೆಯ ವಾಕ್ಯಗಳಲ್ಲ, ಅವರ ಮುಖ ನೋಡುವ ಮುಜುಗರದಿಂದ ಬಿಡುಗಡೆ. ಆ ಮುಜುಗರವನ್ನು ಮನಸ್ಸಿನಲ್ಲಿಯೇ ಹೆಸರಿಟ್ಟು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನ ಭಯಕೇಂದ್ರವೆನಿಸಿದ ಅಮಿಗ್ಡಲಾದ ಚಟುವಟಿಕೆ ತಗ್ಗುವುದನ್ನು ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರ ಪ್ರಯೋಗದಲ್ಲಿ ದಾಖಲಿಸಿದ್ದಾರೆ.

ಇನ್ನೊಂದು ಅಪಾಯ ಹೊಗಳಿಕೆ. ಮೇಲಿನ ಹುದ್ದೆಗೆ ಏರಿದಂತೆ ಎದುರು ಮಾತನಾಡುವವರು ಕಡಿಮೆಯಾಗುತ್ತಾರೆ ಎಂಬುದು ಹಳೆಯ ಸಮಸ್ಯೆ. ಈಗ ಹೌದಪ್ಪಗಳ ಸಾಲಿಗೆ ತಂತ್ರಾಂಶವೂ ಸೇರಿದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಗೆ ಮಾಡಿದ್ದ ಒಂದು ಪರಿಷ್ಕರಣೆಯನ್ನು, ಅದು ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿದೆ ಎಂಬ ಕಾರಣಕ್ಕೆ ಕೆಲವೇ ದಿನಗಳಲ್ಲಿ ಹಿಂಪಡೆಯಬೇಕಾಯಿತು. ಅಷ್ಟು ಎದ್ದು ಕಾಣದಿದ್ದರೂ ಕೇಳುವವರ ಒಲವಿನತ್ತ ವಾಲುವ ಗುಣ ಇಂಥ ಎಐ ತಂತ್ರಾಂಶಗಳಲ್ಲಿ ಸಾಮಾನ್ಯ. ಆದ್ದರಿಂದ ನಿಮ್ಮ ಯೋಜನೆ ಹೇಗಿದೆ ಎಂದು ಕೇಳಬೇಡಿ. ಈ ಯೋಜನೆ ಆರು ತಿಂಗಳಲ್ಲಿ ವಿಫಲವಾಗಿದೆ ಎಂದಿಟ್ಟುಕೊಂಡು ಕಾರಣಗಳನ್ನು ಬರೆ ಎಂದು ಕೇಳಿ. ಇದರಿಂದ ಹೆಚ್ಚು ನಷ್ಟವಾಗುವ ಸಿಬ್ಬಂದಿಯ ಸ್ಥಾನದಲ್ಲಿ ನಿಂತು ಆಕ್ಷೇಪಗಳನ್ನು ಹೇಳು ಎಂದು ಕೇಳಿ. ಬಂದ ಉತ್ತರವನ್ನು ತೀರ್ಪೆಂದು ತಿಳಿಯದೆ, ಅದೇ ಪ್ರಶ್ನೆಯನ್ನು ತಂಡದಲ್ಲಿ ನಿಮ್ಮನ್ನು ಒಪ್ಪದ ಒಬ್ಬರ ಬಳಿಯಾದರೂ ಕೇಳಿ.

ಹಂತ 3: ಉದ್ಯೋಗದ ಭಯವನ್ನು ನೀವೇ ಮೊದಲು ಮಾತಿಗೆ ತನ್ನಿ

ಎಐ ಬರುತ್ತಿದೆ ಎಂಬ ಪ್ರಕಟಣೆಯನ್ನು ಸಿಬ್ಬಂದಿ ಕೇಳಿಸಿಕೊಳ್ಳುವುದು ಒಂದೇ ಪ್ರಶ್ನೆಯಾಗಿ: ನನ್ನ ಕೆಲಸ ಉಳಿಯುತ್ತದೆಯೇ? ಸಭೆಯಲ್ಲಿ ಯಾರೂ ಈ ಪ್ರಶ್ನೆ ಕೇಳದಿದ್ದರೆ ಭಯವಿಲ್ಲ ಎಂದು ಅರ್ಥವಲ್ಲ. ಕೇಳಿದರೆ ಪಟ್ಟಿಯಲ್ಲಿ ತಮ್ಮ ಹೆಸರೇ ಮೊದಲು ಬರಬಹುದೆಂದು ಅವರು ಸುಮ್ಮನಿರುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ನೀವೇ ಎತ್ತಬೇಕು, ಮತ್ತು ಉತ್ತರವನ್ನು ಮೂರು ಭಾಗಗಳಾಗಿ ಬಿಡಿಸಿ ಹೇಳಬೇಕು: ಈಗಾಗಲೇ ತೀರ್ಮಾನವಾಗಿರುವುದು ಯಾವುದು, ಇನ್ನೂ ತೀರ್ಮಾನವಾಗದೆ ಇರುವುದು ಯಾವುದು, ಅದು ಯಾವ ದಿನಾಂಕದೊಳಗೆ ತಿಳಿಯುತ್ತದೆ. ಯಾರ ಕೆಲಸವೂ ಹೋಗುವುದಿಲ್ಲ ಎಂಬ ಭರವಸೆಯನ್ನು, ಅದನ್ನು ಉಳಿಸಿಕೊಳ್ಳುವ ಅಧಿಕಾರ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ದಯವಿಟ್ಟು ಕೊಡಬೇಡಿ. ಒಮ್ಮೆ ಹುಸಿಯಾದ ಭರವಸೆಯ ನಂತರ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ತಂಡದಲ್ಲಿ ಮುಖಭಂಗದ ಹೆದರಿಕೆಯಿಲ್ಲದೆ ತಪ್ಪು ಒಪ್ಪಿಕೊಳ್ಳುವ, ಪ್ರಶ್ನೆ ಕೇಳುವ ವಾತಾವರಣವನ್ನು ಮಾನಸಿಕ ಸುರಕ್ಷತೆ ಎನ್ನುತ್ತಾರೆ. ಹಾರ್ವರ್ಡ್ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ 1999ರ ತಮ್ಮ ಅಧ್ಯಯನದಲ್ಲಿ ತಂಡಗಳ ಕಲಿಕೆಗೂ ಇದಕ್ಕೂ ಇರುವ ನಂಟನ್ನು ತೋರಿಸಿದರು. ಗೂಗಲ್ ಸಂಸ್ಥೆ ತನ್ನ 180ಕ್ಕೂ ಹೆಚ್ಚು ತಂಡಗಳನ್ನು ಪರಿಶೀಲಿಸಿದಾಗಲೂ, ಯಾರು ಯಾರು ಇದ್ದಾರೆ ಎಂಬುದಕ್ಕಿಂತ ಅವರು ಹೇಗೆ ಕೂಡಿ ಕೆಲಸ ಮಾಡುತ್ತಾರೆ ಎಂಬುದೇ ಮುಖ್ಯವೆಂದೂ, ಅದರಲ್ಲಿ ಮಾನಸಿಕ ಸುರಕ್ಷತೆಯೇ ಮೊದಲ ಸ್ಥಾನದಲ್ಲಿದೆಯೆಂದೂ ಕಂಡುಕೊಂಡಿತು. ಎಐ ವಿಷಯದಲ್ಲಿ ಇದರ ಪರೀಕ್ಷೆ ಸರಳ. ನಿಮ್ಮ ತಂಡದವರು ಚಾಟ್‌ಬಾಟ್ ಬಳಸುವುದನ್ನು ಗುಟ್ಟಾಗಿ ಇಡುತ್ತಿದ್ದಾರೆಯೇ? ಬಳಸಿದರೆ ಸೋಮಾರಿ ಎನ್ನುತ್ತಾರೆ, ಬಳಸದಿದ್ದರೆ ಹಿಂದುಳಿದವರು ಎನ್ನುತ್ತಾರೆ ಎಂಬ ಇಕ್ಕಟ್ಟಿನಲ್ಲಿ ಜನ ಎರಡನ್ನೂ ಮುಚ್ಚಿಡುತ್ತಾರೆ. ಗುಟ್ಟಿನ ಬಳಕೆಯಲ್ಲಿ ಆದ ತಪ್ಪು ಗ್ರಾಹಕರ ಕೈ ಸೇರಿದ ಮೇಲೆಯೇ ನಿಮಗೆ ತಿಳಿಯುತ್ತದೆ.

ಇದಕ್ಕೆ ಮದ್ದು ಮುಖ್ಯಸ್ಥರೇ ಮೊದಲು ತೆರೆದುಕೊಳ್ಳುವುದು. ವಾರದ ಸಭೆಯ ಮೊದಲ ಹತ್ತು ನಿಮಿಷಗಳನ್ನು ಎಐ ಎಲ್ಲಿ ನೆರವಾಯಿತು, ಎಲ್ಲಿ ದಾರಿ ತಪ್ಪಿಸಿತು ಎಂಬ ಮಾತಿಗೆ ಮೀಸಲಿಟ್ಟು, ನಿಮ್ಮದೇ ಬಳಕೆಯಿಂದ ಆರಂಭಿಸಿ. ತಪ್ಪನ್ನು ಹೇಳಿಕೊಂಡವರಿಗೆ ಅಲ್ಲಿಯೇ ಉಪದೇಶ ಕೊಡುವ ಚಪಲವನ್ನು ಹತ್ತಿಕ್ಕಿಕೊಳ್ಳಿ. ಮೊದಲ ಬಾರಿಗೆ ಬಾಯಿಬಿಟ್ಟವರ ಜೊತೆ ನೀವು ಹೇಗೆ ನಡೆದುಕೊಂಡಿರಿ ಎಂಬುದನ್ನು ನೋಡಿಯೇ ಉಳಿದವರು ತಾವು ಬಾಯಿಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಹಂತ 4: ವರದಿಯನ್ನು ಓದಿ, ಆಮೇಲೆ ವ್ಯಕ್ತಿಯನ್ನು ಕೇಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸಲು ಮಾತ್ರ ಸಮಯವಿದ್ದರೆ, ನನ್ನ ಆಯ್ಕೆ ಇದು. ಅಂಕಿಅಂಶಗಳ ಆಧಾರದ ಮೇಲೆ ಸಿಬ್ಬಂದಿಯನ್ನು ಅಳೆಯುವ ತಂತ್ರಾಂಶಗಳು ಹೆಚ್ಚಿದಷ್ಟೂ, ಆ ಅಂಕಿ ಯಾಕೆ ಹಾಗಿದೆ ಎಂದು ಕೇಳುವ ತಾಳ್ಮೆ ಕಡಿಮೆಯಾಗುತ್ತಿದೆ.

ಗ್ರಾಹಕ ಸೇವಾ ವಿಭಾಗದ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಚಾಟ್‌ಬಾಟ್ ಅಳವಡಿಸಿ ಕೆಲವು ತಿಂಗಳಾಗಿದೆ. ಒಬ್ಬ ಅನುಭವಿ ಉದ್ಯೋಗಿಯ ಬಗ್ಗೆ, ಕೆಲಸದ ಅಂಕಿಅಂಶ ತೋರಿಸುವ ಡ್ಯಾಶ್‌ಬೋರ್ಡ್ ಕೆಂಪು ಗುರುತು ತೋರಿಸುತ್ತಿದೆ: ಪ್ರತಿ ಕರೆಗೆ ತೆಗೆದುಕೊಳ್ಳುವ ಸಮಯ ಹೆಚ್ಚಾಗಿದೆ, ಗ್ರಾಹಕರು ಕೊಡುವ ಅಂಕ ಇಳಿದಿದೆ. ತಂತ್ರಾಂಶದ ಸಲಹೆ, ತರಬೇತಿಗೆ ಕಳುಹಿಸಿ. ಅವಸರದ ಮ್ಯಾನೇಜರ್ ಆ ಸಲಹೆಯನ್ನೇ ಮುಂದೆ ರವಾನಿಸುತ್ತಾರೆ. ತಿಳಿದವರು ಉದ್ಯೋಗಿಯನ್ನು ಕೂರಿಸಿಕೊಂಡು ಹೀಗೆ ಕೇಳುತ್ತಾರೆ: "ಕರೆಗಳು ಉದ್ದವಾಗುತ್ತಿವೆ ಎಂದು ವರದಿ ಹೇಳುತ್ತಿದೆ. ವರದಿಗೆ ಕಾಣದೆ ನಿಮಗೆ ಕಾಣುತ್ತಿರುವುದು ಏನಾದರೂ ಇದೆಯಾ?" ಒಂದೆರಡು ಕ್ಷಣ ಸುಮ್ಮನಿದ್ದರೆ ಉತ್ತರ ಬರುತ್ತದೆ: "ಸರ್, ಸುಲಭದ ಕರೆಗಳನ್ನೆಲ್ಲ ಈಗ ಬಾಟ್ ತೆಗೆದುಕೊಳ್ಳುತ್ತಿದೆ. ನನಗೆ ಬರುವುದು ಅದರ ಜೊತೆ ಇಪ್ಪತ್ತು ನಿಮಿಷ ಗುದ್ದಾಡಿ ಸಿಟ್ಟು ನೆತ್ತಿಗೇರಿದವರ ಕರೆ ಮಾತ್ರ. ಬೆಳಗ್ಗೆಯಿಂದ ಸಂಜೆವರೆಗೂ ಬೈಗುಳವೇ."

ಇಲ್ಲಿ ಹದಗೆಟ್ಟಿದ್ದು ಉದ್ಯೋಗಿಯ ಸಾಮರ್ಥ್ಯವಲ್ಲ, ಅಳತೆ. ಸುಲಭದ ಕೆಲಸ ಯಂತ್ರಕ್ಕೆ ಹೋದಾಗ ಮನುಷ್ಯರ ಪಾಲಿಗೆ ಉಳಿಯುವುದು ದಣಿಸುವ ಕೆಲಸ. ಹಿಂದೆ ಹತ್ತು ಸರಳ ಕರೆಗಳ ನಡುವೆ ಒಂದು ಕಠಿಣ ಕರೆ ಬರುತ್ತಿದ್ದಾಗ ಸಿಗುತ್ತಿದ್ದ ಬಿಡುವು ಈಗ ಇಲ್ಲ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿಯೇ ಭಾವನಾತ್ಮಕ ದುಡಿಮೆ ಎಂದು ಗುರುತಿಸಿದ್ದ ಹೊರೆ ಇದೇ: ಸಂಬಳಕ್ಕಾಗಿ ತನ್ನ ಭಾವನೆಯನ್ನು ಅದುಮಿಟ್ಟು ಎದುರಿನವರ ಭಾವನೆಯನ್ನು ಸಂಭಾಳಿಸುವ ಕೆಲಸ. ಇಂಥ ತಂಡಕ್ಕೆ ಮಾಡಬೇಕಾದದ್ದು ಹಳೆಯ ಟಾರ್ಗೆಟ್ ರದ್ದು ಮಾಡಿ ಹೊಸದನ್ನು ನಿಗದಿಪಡಿಸುವುದು, ಕಠಿಣ ಕರೆಗಳ ನಡುವೆ ವಿರಾಮ ಕೊಡುವುದು, ಬಾಟ್ ಯಾವ ಹಂತದಲ್ಲಿ ಗ್ರಾಹಕರನ್ನು ರೇಗಿಸುತ್ತಿದೆ ಎಂದು ಆ ಉದ್ಯೋಗಿಯಿಂದಲೇ ತಿಳಿದು ಅಲ್ಲಿ ತಿದ್ದುವುದು. ತರಬೇತಿ ಬೇಕಿದ್ದದ್ದು ಬಾಟ್‌ಗೆ.

ವ್ಯವಸ್ಥೆಯ ಲೆಕ್ಕವನ್ನು ನಂಬಿ ಮನುಷ್ಯರ ಮಾತನ್ನು ನಂಬದೆ ಹೋದರೆ ಅದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬ್ರಿಟನ್ನಿನ ಸರ್ಕಾರಿ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಹೊರೈಜನ್ ಎಂಬುದು ಎಐ ಅಲ್ಲ, ದೋಷಗಳಿದ್ದ ಒಂದು ಸಾಮಾನ್ಯ ಲೆಕ್ಕಪತ್ರದ ತಂತ್ರಾಂಶ. ಅದರಲ್ಲಿ ಕಾಣಿಸಿಕೊಂಡ ಹಣದ ಕೊರತೆಯನ್ನು ಆಧರಿಸಿ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಲೆಕ್ಕ ತಪ್ಪು, ನಾವು ಕದ್ದಿಲ್ಲ ಎಂದು ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವರು ಗೋಗರೆದರೂ ಕೇಳಿಸಿಕೊಳ್ಳಲಿಲ್ಲ. ಬೇರೆ ಬೇರೆ ಊರುಗಳಿಂದ ಒಂದೇ ಬಗೆಯ ಅಳಲು ಬರುತ್ತಿರುವುದನ್ನು ಗಮನಿಸುವುದೂ ಒಂದು ದತ್ತಾಂಶವೇ ಆಗಿತ್ತು. ನಿಮ್ಮ ಸಂಸ್ಥೆಯಲ್ಲಿ ಇಬ್ಬರು ಮೂವರು ಒಂದೇ ಮಾತನ್ನು ಹೇಳುತ್ತಿದ್ದರೆ, ತಂತ್ರಾಂಶ ಮಾರಿದವರ ವಿವರಣೆಗೆ ಕಾಯದೆ ಸ್ವತಂತ್ರವಾಗಿ ಪರಿಶೀಲಿಸಿ.

ನೇಮಕಾತಿಯಲ್ಲಿಯೂ ಇದೇ ಎಚ್ಚರ ಬೇಕು. ಅಮೆಜಾನ್ ಸಂಸ್ಥೆ ಅಭಿವೃದ್ಧಿಪಡಿಸುತ್ತಿದ್ದ ಅರ್ಜಿ ವಿಂಗಡಣೆಯ ಸಾಧನವು ಮಹಿಳೆಯರಿಗೆ ಸಂಬಂಧಿಸಿದ ಪದವಿದ್ದ ಅರ್ಜಿಗಳಿಗೆ ಕಡಿಮೆ ಅಂಕ ಕೊಡುತ್ತಿತ್ತು ಎಂಬುದು 2018ರಲ್ಲಿ ವರದಿಯಾಯಿತು. ಹಿಂದಿನ ವರ್ಷಗಳಲ್ಲಿ ಬಂದಿದ್ದ ಅರ್ಜಿಗಳು ಬಹುಪಾಲು ಪುರುಷರದ್ದಾಗಿದ್ದರಿಂದ ಯಂತ್ರ ಅದನ್ನೇ ಕಲಿತಿತ್ತು. ಸಂಸ್ಥೆ ಆ ಯೋಜನೆಯನ್ನು ಕೈಬಿಟ್ಟಿತು.

ಹಂತ 5: ಭಾವನೆ ಅಳೆಯುತ್ತೇವೆ ಎನ್ನುವ ತಂತ್ರಾಂಶಗಳಿಂದ ದೂರವಿರಿ

ಮುಖಭಾವ ಅಥವಾ ದನಿಯ ಏರಿಳಿತವನ್ನು ವಿಶ್ಲೇಷಿಸಿ ಸಿಬ್ಬಂದಿಯ ಮನಃಸ್ಥಿತಿ ತಿಳಿಸುತ್ತೇವೆ ಎಂದು ಮಾರಾಟಕ್ಕೆ ಬರುವವರಿದ್ದಾರೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ವಿಸ್ತೃತ ಪರಿಶೀಲನೆಯ ಪ್ರಕಾರ, ಮುಖದ ಚಲನೆಯೊಂದರಿಂದಲೇ ಒಳಗಿನ ಭಾವನೆಯನ್ನು ನೆಚ್ಚಿಕೊಳ್ಳುವಂತೆ ಊಹಿಸಲು ಸಾಧ್ಯವಿಲ್ಲ. ಸಿಟ್ಟಾದಾಗ ಹುಬ್ಬು ಗಂಟಿಕ್ಕುವವರಿದ್ದಾರೆ, ನಗುವವರೂ ಇದ್ದಾರೆ, ಏಕಾಗ್ರತೆಯಿಂದ ಓದುವಾಗ ಹುಬ್ಬು ಗಂಟಿಕ್ಕುವವರೂ ಇದ್ದಾರೆ. ಸಂದರ್ಶನದ ವಿಡಿಯೊಗಳಲ್ಲಿ ಮುಖ ವಿಶ್ಲೇಷಣೆ ಮಾಡುತ್ತಿದ್ದ ಹೈರ್‌ವ್ಯೂ ಸಂಸ್ಥೆ ಆ ಭಾಗವನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ತಿಳಿಸಿತು. ಐರೋಪ್ಯ ಒಕ್ಕೂಟದ ಎಐ ಕಾಯ್ದೆ ಇನ್ನೂ ಮುಂದೆ ಹೋಗಿ, ಕೆಲಸದ ಸ್ಥಳದಲ್ಲಿ ಭಾವನೆಗಳನ್ನು ಊಹಿಸುವ ಇಂಥ ವ್ಯವಸ್ಥೆಗಳನ್ನು ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು ನಿಷೇಧಿಸಿದೆ. ಆ ನಿಷೇಧ 2025ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಸಿಬ್ಬಂದಿ ಹೇಗಿದ್ದಾರೆ ಎಂದು ತಿಳಿಯಬೇಕಾದರೆ ಅವರನ್ನು ಕೇಳಬಹುದು, ಅದಕ್ಕೆ ಪರವಾನಗಿ ಶುಲ್ಕವಿಲ್ಲ.

ಹಂತ 6: ಮುಖ್ಯವಾದ ಮಾತನ್ನು ನೀವೇ ಬರೆಯಿರಿ, ನೀವೇ ಹೇಳಿ

2023ರ ಫೆಬ್ರುವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ನಡೆದ ನಂತರ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಒಂದು ಕಚೇರಿ ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಇಮೇಲ್ ಕಳುಹಿಸಿತು. ಪತ್ರದ ಕೊನೆಯಲ್ಲಿ, ಇದು ಚಾಟ್‌ಜಿಪಿಟಿಯ ನೆರವಿನಿಂದ ಸಿದ್ಧವಾದದ್ದು ಎಂದು ಸೂಚಿಸುವ ಸಾಲೊಂದು ಉಳಿದುಕೊಂಡಿತ್ತು. ಪರಸ್ಪರ ಆಸರೆಯಾಗಿರೋಣ ಎಂದು ಹೇಳುವ ಪತ್ರವನ್ನು ಬರೆಯುವಷ್ಟೂ ಪುರುಸೊತ್ತು ನಿಮಗಿರಲಿಲ್ಲವೇ ಎಂದು ವಿದ್ಯಾರ್ಥಿಗಳು ಸಿಟ್ಟಾದರು. ಕಚೇರಿ ಕ್ಷಮೆ ಕೇಳಿತು. ಪತ್ರದ ವಾಕ್ಯಗಳಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಸಾಂತ್ವನದ ಮಾತಿನಲ್ಲಿ ಓದುವವರು ಹುಡುಕುವುದು, ಒಬ್ಬರು ತಮಗಾಗಿ ಕೂತು ಯೋಚಿಸಿದ್ದಾರೆ ಎಂಬ ಗುರುತನ್ನು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿಯೂ ಇದೇ ಕಂಡಿತು: ಎಐ ಬರೆದ ಪ್ರತಿಕ್ರಿಯೆ ಓದಿದವರಿಗೆ ತಮ್ಮ ಮಾತನ್ನು ಯಾರೋ ಕೇಳಿಸಿಕೊಂಡರು ಎನಿಸಿತು, ಬರೆದದ್ದು ಎಐ ಎಂದು ತಿಳಿದಾಗ ಆ ಅನಿಸಿಕೆ ಕುಗ್ಗಿತು.

ಇದರಿಂದ ಎರಡು ದಾರಿಗಳು ಕಾಣುತ್ತವೆ: ಮುಚ್ಚಿಡುವುದು ಅಥವಾ ನೀವೇ ಬರೆಯುವುದು. ಮುಚ್ಚಿಟ್ಟದ್ದು ಎಂದಾದರೂ ಹೊರಬರುತ್ತದೆ, ಹೊರಬಂದ ದಿನ ನಿಮ್ಮ ಹಳೆಯ ಪತ್ರಗಳೆಲ್ಲ ಅನುಮಾನಕ್ಕೆ ಒಳಗಾಗುತ್ತವೆ. ಸಭೆಯ ಟಿಪ್ಪಣಿ, ನಿಯಮಗಳ ಸಾರಾಂಶ, ವೇಳಾಪಟ್ಟಿಯ ಬದಲಾವಣೆ ಇವನ್ನೆಲ್ಲ ಯಂತ್ರ ಬರೆಯಲಿ. ಸಾವು, ಕಾಯಿಲೆ, ಕೆಲಸದಿಂದ ತೆಗೆಯುವುದು, ಬಡ್ತಿ ನಿರಾಕರಣೆ, ಕ್ಷಮೆ, ಮನಸಾರೆ ಮೆಚ್ಚುಗೆ ಇವನ್ನು ನೀವೇ ಬರೆಯಿರಿ. ಮೊದಲ ನಾಲ್ಕನ್ನು ಎದುರು ಕುಳಿತು ಅಥವಾ ಕನಿಷ್ಠಪಕ್ಷ ಫೋನಿನಲ್ಲಿ ಹೇಳಿದ ನಂತರವೇ ಬರಹಕ್ಕೆ ಇಳಿಸಿ. ಅಮೆರಿಕದಲ್ಲಿ ಗೃಹಸಾಲ ಕೊಡುವ ಬೆಟರ್ ಡಾಟ್ ಕಾಮ್ ಸಂಸ್ಥೆಯ ಮುಖ್ಯಸ್ಥರು 2021ರ ಡಿಸೆಂಬರ್‌ನಲ್ಲಿ ಸುಮಾರು 900 ಮಂದಿಯನ್ನು ಒಂದೇ ಜೂಮ್ ಕರೆಯಲ್ಲಿ ಕೆಲಸದಿಂದ ತೆಗೆದು, ಆಮೇಲೆ ಆ ರೀತಿಗಾಗಿ ಕ್ಷಮೆ ಕೇಳಬೇಕಾಯಿತು. ಅಲ್ಲಿ ಎಐ ಇರಲಿಲ್ಲ, ಇದ್ದದ್ದು ಬೇಗ ಮುಗಿಸಿಬಿಡುವ ಆತುರ. ಈಗಿನ ಸಾಧನಗಳು ಅದೇ ಆತುರಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತವೆ.

ವ್ಯತ್ಯಾಸವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ತಾಯಿಯನ್ನು ಕಳೆದುಕೊಂಡ ಸಹೋದ್ಯೋಗಿಗೆ ಯಂತ್ರ ಬರೆದುಕೊಡುವ ಸಾಲು ಹೀಗಿರುತ್ತದೆ: "ಈ ದುಃಖದ ಸಮಯದಲ್ಲಿ ನಮ್ಮ ಹೃತ್ಪೂರ್ವಕ ಸಂತಾಪಗಳು. ಯಾವುದೇ ನೆರವು ಬೇಕಿದ್ದರೆ ದಯವಿಟ್ಟು ಸಂಪರ್ಕಿಸಿ." ತಿಳಿದ ಮುಖ್ಯಸ್ಥರು ಬರೆಯುವುದು ಹೀಗೆ: "ಅಮ್ಮನ ಶಸ್ತ್ರಚಿಕಿತ್ಸೆಯ ದಿನವೂ ನೀವು ಆಸ್ಪತ್ರೆಯಿಂದಲೇ ವರದಿ ಕಳುಹಿಸಿದ್ದು ನನಗೆ ನೆನಪಿದೆ. ಈ ತಿಂಗಳ ನಿಮ್ಮ ಕೆಲಸವನ್ನು ಇಬ್ಬರಿಗೆ ಹಂಚಿದ್ದೇನೆ, ಅದರ ಚಿಂತೆ ಬೇಡ. ಸೋಮವಾರ ಸಂಜೆ ನಾನೇ ಫೋನ್ ಮಾಡುತ್ತೇನೆ." ಎರಡನೆಯದರಲ್ಲಿ ಅಲಂಕಾರವಿಲ್ಲ. ನೆನಪಿದೆ, ಈಗಾಗಲೇ ಮಾಡಿದ ಒಂದು ಕೆಲಸವಿದೆ, ಉಳಿಸಿಕೊಳ್ಳಬೇಕಾದ ಒಂದು ಮಾತಿದೆ. ಸೋಮವಾರ ಫೋನ್ ಮಾಡುವುದನ್ನು ಮಾತ್ರ ಮರೆಯುವಂತಿಲ್ಲ.

ಯಂತ್ರವನ್ನು ಇಂಥ ಸಂದರ್ಭದಲ್ಲಿ ಬಳಸಲೇಬಾರದು ಎಂದಲ್ಲ. ಕಷ್ಟದ ಮಾತುಕತೆಯ ಪೂರ್ವಾಭ್ಯಾಸಕ್ಕೆ ಅದು ಉಪಯುಕ್ತ. ಎದುರಿನವರ ಸ್ವಭಾವವನ್ನೂ ಸಂದರ್ಭವನ್ನೂ ಹೆಸರು ಬಿಟ್ಟು, ಗುರುತು ಸಿಗದಂತೆ ವಿವರಿಸಿ, ಆ ವ್ಯಕ್ತಿಯಂತೆ ಉತ್ತರಿಸಲು ಹೇಳಿ. ನಿಮ್ಮ ಯಾವ ಮಾತು ಆರೋಪದಂತೆ ಕೇಳಿಸುತ್ತದೆ ಎಂದು ವಿಚಾರಿಸಿ. ಆಮೇಲೆ ಪರದೆ ಮುಚ್ಚಿ, ಬರೆದುಕೊಂಡ ಸ್ಕ್ರಿಪ್ಟ್ ಇಲ್ಲದೆ ಕೋಣೆಗೆ ಹೋಗಿ. ಕಾಗದ ನೋಡಿ ಓದುವವರ ಎದುರು ಯಾರೂ ಮನಸ್ಸು ಬಿಚ್ಚುವುದಿಲ್ಲ.

ಹಂತ 7: ಗ್ರಾಹಕರಿಗೆ ಮನುಷ್ಯರ ಬಳಿ ಬರುವ ಬಾಗಿಲು ತೆರೆದಿಡಿ

ಕಂತಿನ ಪಾವತಿ ಸೇವೆ ನೀಡುವ ಸ್ವೀಡನ್ನಿನ ಕ್ಲಾರ್ನಾ ಸಂಸ್ಥೆ ತನ್ನ ಎಐ ಸಹಾಯಕ ಮೊದಲ ತಿಂಗಳಲ್ಲಿಯೇ 23 ಲಕ್ಷ ಸಂಭಾಷಣೆಗಳನ್ನು, ಅಂದರೆ ಗ್ರಾಹಕ ಸೇವೆಯ ಮೂರನೇ ಎರಡು ಭಾಗವನ್ನು ನಿಭಾಯಿಸಿತು, ಅದು 700 ಸಿಬ್ಬಂದಿಯ ಕೆಲಸಕ್ಕೆ ಸಮ ಎಂದು 2024ರ ಆರಂಭದಲ್ಲಿ ಹೇಳಿಕೊಂಡಿತು. 2025ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥರು, ಬೇಕೆಂದಾಗ ಮನುಷ್ಯರ ಜೊತೆ ಮಾತನಾಡುವ ಅವಕಾಶ ಗ್ರಾಹಕರಿಗೆ ಯಾವಾಗಲೂ ಇರಬೇಕೆಂದು ಹೇಳಿ ಮತ್ತೆ ಜನರನ್ನು ನೇಮಿಸಿಕೊಳ್ಳಲು ಹೊರಟರು. ಇದನ್ನು ಯಂತ್ರದ ಸೋಲು ಎಂದು ಓದುವುದು ತಪ್ಪು, ಸಂಸ್ಥೆ ಎಐ ಬಳಕೆಯನ್ನು ನಿಲ್ಲಿಸಲಿಲ್ಲ. ಬದಲಾದದ್ದು ಮನುಷ್ಯರ ಪಾತ್ರದ ಬಗೆಗಿನ ಲೆಕ್ಕಾಚಾರ.

ನಿಮ್ಮಲ್ಲಿ ಮಾಡಬಹುದಾದದ್ದು ಇಷ್ಟು. ಯಾವ ಸಂದರ್ಭಗಳಲ್ಲಿ ಬಾಟ್ ತಕ್ಷಣ ಪಕ್ಕಕ್ಕೆ ಸರಿಯಬೇಕೆಂದು ಮುಂಚೆಯೇ ಬರೆದಿಡಿ: ಸಾವು, ಅಪಘಾತ, ಮೋಸ ಹೋದ ದೂರು, ಒಂದೇ ಸಮಸ್ಯೆಗೆ ಎರಡನೆಯ ಬಾರಿ ಬಂದವರು. ಸಂಭಾಷಣೆಯ ದಾಖಲೆ ಸಿಬ್ಬಂದಿಗೆ ಮೊದಲೇ ತಲುಪಲಿ, ಕಥೆಯನ್ನು ಮತ್ತೆ ಮೊದಲಿಂದ ಹೇಳಿಸುವುದಕ್ಕಿಂತ ರೇಗಿಸುವ ಸಂಗತಿ ಇನ್ನೊಂದಿಲ್ಲ. ಕರೆ ತೆಗೆದುಕೊಂಡವರಿಗೆ ಸಣ್ಣ ಮೊತ್ತದ ಮರುಪಾವತಿಯನ್ನು ಯಾರನ್ನೂ ಕೇಳದೆ ಮಾಡುವ ಅಧಿಕಾರವಿರಲಿ. ಅಧಿಕಾರವಿಲ್ಲದ ಅನುಕಂಪ ಗ್ರಾಹಕರಿಗೂ ಸಿಬ್ಬಂದಿಗೂ ಹಿಂಸೆ.

ಹಂತ 8: ಯಂತ್ರದ ಸಲಹೆ ಎಷ್ಟು ಬಾರಿ ತಿರಸ್ಕೃತವಾಯಿತು ಎಂದು ಎಣಿಸಿ

ಎಐ ಯೋಜನೆಗಳ ಪ್ರಗತಿ ವರದಿಯಲ್ಲಿ ಉಳಿತಾಯವಾದ ಸಮಯ, ಉಳಿತಾಯವಾದ ಹಣ, ಬಳಕೆದಾರರ ಸಂಖ್ಯೆ ಇರುತ್ತವೆ. ಅದಕ್ಕೆ ಇನ್ನೊಂದು ಸಾಲು ಸೇರಿಸಿ: ಈ ತಿಂಗಳು ವ್ಯವಸ್ಥೆಯ ಸಲಹೆಯನ್ನು ಸಿಬ್ಬಂದಿ ಎಷ್ಟು ಬಾರಿ ಒಪ್ಪದೆ ಬೇರೆ ನಿರ್ಧಾರ ತೆಗೆದುಕೊಂಡರು, ಯಾವ ಕಾರಣಕ್ಕೆ. ಈ ಸಂಖ್ಯೆ ಬಹಳ ದೊಡ್ಡದಾಗಿದ್ದರೆ ಸಾಧನ ಕೆಲಸಕ್ಕೆ ಹೊಂದುತ್ತಿಲ್ಲ ಎಂದು ತಿಳಿಯಬಹುದು. ಸೊನ್ನೆಯಾಗಿದ್ದರೆ ಇನ್ನೂ ಹೆಚ್ಚು ಚಿಂತಿಸಬೇಕು, ಏಕೆಂದರೆ ಪ್ರತಿ ಬಾರಿಯೂ ಸರಿಯಾಗಿರುವ ವ್ಯವಸ್ಥೆ ಯಾವುದೂ ಇಲ್ಲ. ಸೊನ್ನೆ ಎಂದರೆ ಜನರು ನೋಡುವುದನ್ನು ಬಿಟ್ಟಿದ್ದಾರೆ, ಇಲ್ಲವೇ ಒಪ್ಪದಿರಲು ಹೆದರುತ್ತಿದ್ದಾರೆ. ಎರಡರಲ್ಲಿ ಯಾವುದು ಎಂದು ಅಂಕಿ ಹೇಳುವುದಿಲ್ಲ. ಆ ತಂಡದಲ್ಲಿ ಹೊಸದಾಗಿ ಸೇರಿದ ಒಬ್ಬರನ್ನೂ ಹಳಬರೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಕಳೆದ ತಿಂಗಳು ಯಂತ್ರ ತಪ್ಪೆಂದು ಅನಿಸಿದ ಒಂದು ಸಂದರ್ಭವನ್ನು ಹೇಳಿ ಎಂದು ಕೇಳಿ. ತಪ್ಪು ಕಂಡಿದ್ದೂ ಸುಮ್ಮನಿದ್ದೆ ಎಂದು ಇಬ್ಬರಲ್ಲಿ ಒಬ್ಬರು ಹೇಳಿದರೂ, ಮುಂದಿನ ತರಬೇತಿಯ ಹಣವನ್ನು ಸಾಧನದ ಮೇಲೆ ಖರ್ಚು ಮಾಡುವ ಬದಲು ಅವರ ಮೇಲಿರುವ ಮ್ಯಾನೇಜರುಗಳ ಮೇಲೆ ಖರ್ಚು ಮಾಡಿ.